ಎಡೆಗಿಟ್ಟ ನತ್ತೊ

ಆ ದಿನದ ರಗಳೆಗೆಲ್ಲ ಮೂಲ ಒಂದು ಹುಲ್ಲಿನ ಪೊಟ್ಟಣ.

ಬೆಳಗಿನ ಐದೂವರೆಗೆ ತೊಕುಜೊ ದೇವರಗೂಡಿನ ಮುಂದೆ ಕುಳಿತು, ತೀರಿಕೊಂಡ ಹೆಂಡತಿ ಕಿನುವಿನ ಪಟಕ್ಕೆ ಬಿಸಿ ಅನ್ನ, ಚಹಾ ಎಡೆ ಇಟ್ಟು, ಗಂಟೆ ಬಾರಿಸಿ ಕಣ್ಣು ಮುಚ್ಚಿದ. ಅಂದು ಅವಳ ವರ್ಷದ ತಿಥಿ. ಕಣ್ಣು ತೆರೆದಾಗ ಅನ್ನದ ಬಟ್ಟಲಿನ ಪಕ್ಕದಲ್ಲಿ ಭತ್ತದ ಹುಲ್ಲಿನ ಪೊಟ್ಟಣವೊಂದು ಬಂದು ಕುಳಿತಿತ್ತು. ಅದರ ಹಿಂದೆ ಎದುರುಮನೆಯ ತ್ಸುಯಾ ಅಕ್ಕ ಬಂದು ಕುಳಿತಿದ್ದಳು. ಬಾಗಿಲು ತಟ್ಟುವ ಅಭ್ಯಾಸ ಆಕೆಗೆ ಎಂದೂ ಇರಲಿಲ್ಲ.

ಪೊಟ್ಟಣದ ವಾಸನೆ ಮೂಗಿಗೆ ತಾಗಿದ್ದೇ ತೊಕುಜೊ ಕುಳಿತ ಭಂಗಿಯಲ್ಲೇ ಎರಡಡಿ ಹಿಂದಕ್ಕೆ ಸರಿದ.

“ಅಕ್ಕಾ! ಇದು ನತ್ತೊ!”

“ಅಲ್ದೆ ಸೇವಂತಿಗೆ ಹೂವಾ? ಸೋಯಾ ಕಾಳು ಬೇಯ್ಸಿ, ಹುಲ್ಲಲ್ಲಿ ಕಟ್ಟಿ, ಮೂರು ದಿನ ಹಾಸಿಗೆ ಒಳಗೆ ಬೆಚ್ಚಗಿಟ್ಟು ನಾನೇ ಮಾಡಿದ್ದು. ಕಿನು ಮಿತೊ ಕಡೆ ಹುಡುಗಿ, ನತ್ತೊ ಇಲ್ದೆ ಅನ್ನ ಇಳಿಯದ ಊರು, ನಾನೂ ಆ ಕಡೆಯೋಳೇ. ಅವಳು ಮದುವೆಯಾಗಿ ಬಂದಾಗಿಂದ ನಿಮ್ಮ ಊಟದ ಮಣೆ ಮೇಲೆ ಒಂದು ದಿನ ನತ್ತೊ ನೋಡಿದೀರಾ? ಮೂವತ್ತೊಂದು ವರ್ಷ! ಇವತ್ತಾದ್ರೂ ಅವಳ ಮುಂದೆ ಇರ್ಲಿ ಅಂತ ತಂದೆ.”

ತೊಕುಜೊ ಪಟದ ಕಡೆ ನೋಡಿದ. ನಿಜ. ಅವನ ಮನೆಯಲ್ಲಿ ನತ್ತೊ ಎಂಬ ಮಾತೇ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ಅವನು ದುಡಿಯುತ್ತಿದ್ದುದು ನದಿಯ ದಂಡೆಯ ಕಿಣ್ವದ ಕಾರ್ಖಾನೆಯಲ್ಲಿ. ಅಲ್ಲಿ ಗೋಧಿ ಬೂಸಾವನ್ನು ಹಬೆಯಲ್ಲಿ ಬೇಯಿಸಿ, ಮರದ ತಟ್ಟೆಗಳಲ್ಲಿ ಹರಡಿ, ಕೋಜಿ ಎಂಬ ಬೂಷ್ಟಿನ ಬೀಜ ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿಟ್ಟು ಬೆಳೆಸುತ್ತಿದ್ದರು. ದನ ತಿನ್ನುವ ಬೂಸಾದ ಮೇಲೆ ಎರಡು ದಿನದಲ್ಲಿ ಮಗುವಿನ ತಲೆಯ ಮೇಲಿನ ಕೂದಲಿನಂಥ ಬಿಳಿ ನವಿರು ಏಳುತ್ತಿತ್ತು. ಅದನ್ನು ನೀರಿನಲ್ಲಿ ನೆನೆಸಿ ಸೋಸಿದರೆ ಕಿಣ್ವ. ಬಟ್ಟೆ ಗಿರಣಿಯಲ್ಲಿ ನೂಲಿನ ಗಂಜಿ ಬಿಡಿಸುವುದೂ ಅದೇ, ಹೊಟ್ಟೆ ಕೆಟ್ಟವರ ಮಾತ್ರೆಯೊಳಗೆ ಕುಳಿತು ಅನ್ನ ಅರಗಿಸುವುದೂ ಅದೇ.

ಕೋಜಿ ಬಲು ಸಾಧು. ನತ್ತೊ ಹುಟ್ಟಿಸುವ ಜೀವಿಯೋ ಪುಂಡ. ಕುದಿಯುವ ನೀರು ಹಾಕಿದರೂ ಸಾಯುವುದಿಲ್ಲ. ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದು ಬೆಚ್ಚನೆಯ ಬೂಸಾಕ್ಕೆ ಬಿತ್ತೆಂದರೆ, ಮದುವೆಮನೆಗೆ ನುಗ್ಗಿದ ಕರೆಯದ ನೆಂಟನಂತೆ ಬೆಳಗಾಗುವುದರೊಳಗೆ ಎಲ್ಲ ತಟ್ಟೆಗಳನ್ನೂ ತನ್ನದು ಮಾಡಿಕೊಂಡು, ಲೋಳೆ ಹಿಡಿಸಿ ಬಿಡುತ್ತಿತ್ತು. ಅದಕ್ಕೇ ಕಾರ್ಖಾನೆಯ ಮೊದಲ ನಿಯಮ: ಕೋಣೆಗೆ ಹೋಗುವವನು ನತ್ತೊ ಮುಟ್ಟಬಾರದು.

“ಆಯ್ತು ಅಕ್ಕ, ಅವಳು ನೋಡಿದ್ಲು, ಸಂತೋಷಪಟ್ಲು. ಈಗ ತಗೊಂಡ್ಹೋಗಿ.”

“ಎಡೆ ಇಟ್ಟಿದ್ದನ್ನ ವಾಪಸ್ಸು ತಗೊಂಡ್ಹೋಗ್ತಾರಾ? ಎಸೆಯೋಕೂ ಇಲ್ಲ. ಎಡೆ ಇಳಿಸಿದ ಮೇಲೆ ಮನೆಯವರು ತಿನ್ಬೇಕು. ನಿಮ್ಮ ಮನೇಲಿರೋದು ನೀವೊಬ್ರೇ.”

“ಇವತ್ತು ಹತ್ತು ಗಂಟೆಗೆ ನಾನು ಬೀಜ ಹಾಕ್ಬೇಕು ಅಕ್ಕ!”

“ಹಾಕಿ, ಯಾರು ಬೇಡ ಅಂದ್ರು? ಕೈ ತೊಳ್ಕೊಂಡು ಹಾಕಿ. ಸಾಸಿವೆ ಒಂಚೂರು ಕಮ್ಮಿ ಇದೆ, ಬೇಜಾರು ಮಾಡ್ಕೋಬೇಡಿ.”

ಪಟದೊಳಗಿನ ಕಿನು ನಗುತ್ತಿದ್ದಳು. ಮೂವತ್ತೊಂದು ವರ್ಷ ನನಗಾಗಿ ಬಾಯಿ ಕಟ್ಟಿದಳಲ್ಲ, ನಾನು ಒಂದು ದಿನ ಅವಳಿಗಾಗಿ ಬಾಯಿ ತೆರೆಯಲಾರೆನೇ, ಎಂದುಕೊಂಡ ತೊಕುಜೊ. ಪೊಟ್ಟಣ ಬಿಚ್ಚಿ, ಊಟದ ಕಡ್ಡಿಗಳಿಂದ ಕಲಸಿದ. ಜೇಡರ ಬಲೆಯಂಥ ಎಳೆಗಳು ಬಟ್ಟಲಿನಿಂದ ಗಲ್ಲದವರೆಗೆ ಹಬ್ಬಿದವು. ಮೊದಲ ತುತ್ತು ಕಿನುವಿಗಾಗಿ ನುಂಗಿದ. ಎರಡನೆಯದನ್ನು ಧರ್ಮಕ್ಕಾಗಿ ನುಂಗಿದ. ಮಿಕ್ಕದ್ದು ಯಾರಿಗಾಗಿ ಎಂದು ಅವನಿಗೇ ತಿಳಿಯುವ ಮೊದಲೇ ಬಟ್ಟಲು ಖಾಲಿಯಾಗಿತ್ತು. ಹೇಳಬಾರದು, ಬಹಳ ರುಚಿಯಾಗಿತ್ತು.

ತ್ಸುಯಾ ಅಕ್ಕ ಹೋದ ಮೇಲೆ ಭಯ ಬಂತು.

ಅವನಿಗೆ ಐವತ್ತೆಂಟು. ಕಾರ್ಖಾನೆಯಲ್ಲಿ ಐವತ್ತೈದಕ್ಕೆ ವಿಶ್ರಾಂತಿ. ಯಜಮಾನ ನಿಶಿವಾಕಿ ಅವನ ಕೈಗುಣ ನೋಡಿ ಒಂದೊಂದು ವರ್ಷವೆಂದು ಮೂರು ವರ್ಷ ಮುಂದುವರಿಸಿದ್ದರು. ಪ್ರತಿವರ್ಷ, ಕಿಣ್ವಕ್ಕಾಗಿ ಜೀವ ಕೊಟ್ಟ ಕೋಜಿಯ ಶ್ರಾದ್ಧದ ದಿನ, ಅದರ ನೆನಪಿಗೆ ಅಂಗಳದಲ್ಲಿ ನೆಟ್ಟ ಕಲ್ಲಿನ ಮುಂದೆ ಪೂಜೆಯಾದ ಮೇಲೆ, ಯಾರನ್ನು ಉಳಿಸಿಕೊಂಡಿದ್ದೇವೆಂದು ಅವರು ಹೇಳುವ ಪದ್ಧತಿ. ಆ ಶ್ರಾದ್ಧವೂ ಈ ದಿನವೇ. ಮನೆ ತಣ್ಣಗಾಗಿ ಒಂದು ವರ್ಷವಾಗಿತ್ತು. ಅವನ ಕೈಗಾಗಿ ಕಾಯುವ ಬೆಚ್ಚನೆಯ ಜೀವ ಎಂದರೆ ಆ ಕೋಣೆಯ ಇನ್ನೂರ ನಲವತ್ತು ತಟ್ಟೆಗಳು ಮಾತ್ರ. ಇನ್ನೊಂದು ವರ್ಷ ಆ ಬಾಗಿಲು ತೆರೆದಿರಲಿ ಎಂದಷ್ಟೇ ಅವನ ಪ್ರಾರ್ಥನೆ.

ನತ್ತೊ ತಿಂದೆ ಎಂದರೆ ಬಾಗಿಲು ಮುಚ್ಚಿತು. ಹೇಳದೆ ಒಳಗೆ ಹೋದರೆ ಕೋಜಿಗೆ ದ್ರೋಹ. ಆದ್ದರಿಂದ ಸುಳ್ಳೂ ಹೇಳದೆ, ನಿಜವೂ ಹೇಳದೆ, ಒಳಗೂ ಹೋಗದೆ ಈ ದಿನವನ್ನು ದಾಟಿಸುವುದೆಂದು ಅವನು ತೀರ್ಮಾನಿಸಿದ. ಬಾವಿಯ ತಣ್ಣೀರಿನಲ್ಲಿ ಮೂರು ಸಲ ಮಿಂದ. ವಿನಿಗರ್‌ನಿಂದ ಕೈ ತಿಕ್ಕಿದ. ಹಲ್ಲು ಉಜ್ಜಿ ಉಜ್ಜಿ ವಸಡಿನಿಂದ ರಕ್ತ ಬರಿಸಿದ. ಮೈಗೆಲ್ಲ ಊದುಬತ್ತಿಯ ಹೊಗೆ ಹಿಡಿದ. ಕಾರ್ಖಾನೆಯ ಗೇಟು ತಲುಪಿದಾಗ ಅವನು ಉಪ್ಪಿನಕಾಯಿ ಭರಣಿಯಲ್ಲಿ ಅದ್ದಿ ತೆಗೆದ ದೇವಸ್ಥಾನದಂತೆ ನಾರುತ್ತಿದ್ದ.

ಗೇಟಿನಲ್ಲಿ ಅವನ ಹಳೆಯ ಜತೆಗಾರ ಗೊನ್‌ರೊಕು ಎಂದಿನಂತೆ ಕಲ್ಲಿನ ತೊಟ್ಟಿಯ ಬಳಿ ಕುಳಿತು ಕಾಲು ತೊಳೆಯುತ್ತಿದ್ದ. ದಿನಕ್ಕೆ ಏಳು ಸಲ ಕಾಲು ತೊಳೆಯಬೇಕೆಂದು ಅವನಿಗೆ ಆಜ್ಞೆ. ಹತ್ತು ವರ್ಷದ ಹಿಂದೆ, ದೊಡ್ಡ ಬಿರುಗಾಳಿಯ ನೆರೆ ಬಂದಾಗ, ಗೊನ್‌ರೊಕು ಎದೆಮಟ್ಟದ ನೀರು ದಾಟಿ ಬಂದು ತೊಕುಜೊನೊಂದಿಗೆ ಕೋಣೆ ಕಾದಿದ್ದ. ನಾಲ್ಕನೆಯ ದಿನ ಇನ್ನೂರ ನಲವತ್ತು ತಟ್ಟೆಯೂ ಲೋಳೆಯಾಯಿತು. ವಾಸನೆ ನೋಡಿದ ಎಲ್ಲರ ಮೂಗೂ ಒಂದೇ ತೀರ್ಪು ಕೊಟ್ಟಿತು: ಇದು ಕಾಲಿನ ವಾಸನೆ. ನತ್ತೊವೂ ಹಾಗೇ ನಾರುತ್ತದೆ, ಆದರೆ ತೊಕುಜೊನ ಮನೆಯಲ್ಲಂತೂ ನತ್ತೊ ಇಲ್ಲವೆಂದು ಊರಿಗೇ ಗೊತ್ತು. ಆದ್ದರಿಂದ ಗೊನ್‌ರೊಕುವಿನ ಕಾಲೇ ಅಪರಾಧಿ. ಅಂದಿನಿಂದ ಅವನಿಗೆ ಬೀಜ ಹಾಕುವ ಕೆಲಸವಿಲ್ಲ. ಕಿಣ್ವ ಸೋಸಿ ಉಳಿದ ಬೂಸಾವನ್ನು ಹಂದಿ ಸಾಕುವವರಿಗೆಂದು ಗಾಡಿಗೆ ತುಂಬುವುದೇ ಕೆಲಸ.

“ಏನಣ್ಣಾ, ಘಮಘಮ ಅಂತಿದೀರಿ? ಇನ್ನೊಂದು ಮದುವೆಗೆ ಹೆಣ್ಣು ನೋಡೋಕೆ ಹೊರಟ್ರಾ?”

“ಸುಮ್ನಿರೋ ಮಾರಾಯ. ಬೆನ್ನು ಹಿಡ್ಕೊಂಡಿದೆ.”

ಹೇಳಿದ ಕೂಡಲೇ ತೊಕುಜೊ ನಾಲಿಗೆ ಕಚ್ಚಿಕೊಂಡ. ಸುಳ್ಳು ಹೇಳುವುದಿಲ್ಲವೆಂಬ ತೀರ್ಮಾನ ಗೇಟಿನಲ್ಲೇ ಬಿದ್ದುಹೋಗಿತ್ತು. ಗೊನ್‌ರೊಕು ಒದ್ದೆಗಾಲಲ್ಲೇ ಕೂಗುತ್ತ ಓಡಿದ. “ಹತ್ಸುಯೆ ಅಕ್ಕೋ! ತೊಕುಜೊ ಅಣ್ಣನ ಬೆನ್ನು ಹೋಯ್ತು!”

ಒಣಗಿಸುವ ಮನೆಯ ಹತ್ಸುಯೆ ಅಂಗಿಯ ತೋಳು ಮಡಚಿದ ಪೈಲ್ವಾನನಂಥ ಹೆಂಗಸು. ಅವಳ ಜತೆ ಇನ್ನೂ ಮೂವರು ಬಂದರು. ಬೇಡ ಬೇಡ ಎನ್ನುತ್ತಿದ್ದ ತೊಕುಜೊನನ್ನು ಬೂಸಾ ಮೂಟೆಗಳ ಮೇಲೆ ಬೋರಲು ಮಲಗಿಸಿ, ಅಂಗಿ ಮೇಲೆತ್ತಿದರು.

“ಅಕ್ಕಾ, ಅಷ್ಟೇನಿಲ್ಲ...”

“ಬಾಯಿ ಮುಚ್ಕೊಂಡು ಮಲಗಿ. ಹೆಂಡ್ತಿ ಇಲ್ದಿದ್ರೆ ಗಂಡಸ್ರು ಹಿಂಗೇನೆ, ಸಾಯೋ ತನಕ ಅಷ್ಟೇನಿಲ್ಲ, ಅಷ್ಟೇನಿಲ್ಲ!”

ಹತ್ಸುಯೆ ಒಣಮೂಲಿಕೆಯ ನಾರಿನ ಐದು ಉಂಡೆಗಳನ್ನು ಬೆನ್ನುಹುರಿಯ ಮೇಲೆ ಸಾಲಾಗಿಟ್ಟು ಕಿಡಿ ಹಚ್ಚಿದಳು. ತಾತಮುತ್ತಾತರ ಕಾಲದ ಔಷಧ. ಮೊದಲ ಉಂಡೆಯ ಬಿಸಿ ಚರ್ಮಕ್ಕೆ ಇಳಿದಾಗ ತೊಕುಜೊ ಬುದ್ಧನನ್ನು ನೆನೆದ. ಎರಡನೆಯದಕ್ಕೆ ಕಿನುವನ್ನು ನೆನೆದ. ಮೂರನೆಯದಕ್ಕೆ ಯಾರನ್ನೂ ನೆನೆಯಲು ಪುರುಸೊತ್ತಾಗದೆ ಮೂಟೆಯ ಮೇಲಿಂದ ಚಂಗನೆ ನೆಗೆದು ನೆಟ್ಟಗೆ ನಿಂತ.

“ಬಿಟ್ಟೇ ಹೋಯ್ತು!” ಹೆಂಗಸರು ಚಪ್ಪಾಳೆ ತಟ್ಟಿದರು. “ಹೋಗಿ, ಹತ್ತು ಗಂಟೆ ಆಯ್ತು, ಬೀಜ ಹಾಕಿ!”

ನಾಲ್ಕು ಜನ ಅವನನ್ನು ಕೋಣೆಯ ಬಾಗಿಲಿಗೆ ತಳ್ಳಿಕೊಂಡು ಬಂದರು. ಒಳಗೆ ಬೆಂದ ಬೂಸಾದ ಹಬೆ ಆಡುತ್ತಿತ್ತು. ಇನ್ನರ್ಧ ಗಂಟೆಯಲ್ಲಿ ಬೀಜ ಬೀಳದಿದ್ದರೆ ತಟ್ಟೆಗಳು ತಣ್ಣಗಾಗಿ ಎಲ್ಲ ವ್ಯರ್ಥ. ತೊಕುಜೊ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಕಟುಕನ ಮನೆಗೆ ಎಳೆದ ಆಡಿನಂತೆ ಕಾಲು ಊರಿದ.

“ನಾನು ಹೋಗಲ್ಲ.”

“ಯಾಕಣ್ಣಾ?” ಎಂದ ಗೊನ್‌ರೊಕು.

ಸುತ್ತಲೂ ನೋಡಿದ ತೊಕುಜೊನಿಗೆ ಬೇರೆ ದಾರಿ ಕಾಣಲಿಲ್ಲ. ಕಾರ್ಖಾನೆಯಲ್ಲಿ ಬೀಜ ಹಾಕಲು ಬಲ್ಲವನು ಅವನನ್ನು ಬಿಟ್ಟರೆ ಒಬ್ಬನೇ.

“ಯಾಕಂದ್ರೆ... ನೀನು ಹೋಗ್ತೀಯ.”

ಗೊನ್‌ರೊಕುವಿನ ಮುಖದ ಬಣ್ಣ ಇಳಿಯಿತು. ತನ್ನ ಪಾದ ನೋಡಿಕೊಂಡ. “ಅಣ್ಣಾ, ತಮಾಷೆ ಮಾಡ್ಬೇಡಿ. ನನ್ನ ಕಾಲು...”

“ಕಾಲಲ್ಲಿ ಬೀಜ ಹಾಕ್ತೀಯೇನೋ? ಕೈಯಲ್ಲಿ ಹಾಕು. ನಾನು ಕಿಟಕಿಯಿಂದ ಹೇಳ್ತೀನಿ.”

ಬಾಗಿಲಿನ ಅಂಗೈಯಗಲದ ಗಾಜಿಗೆ ಮೂಗು ಒತ್ತಿ ನಿಂತು, ತೊಕುಜೊ ಹೊರಗಿನಿಂದಲೇ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ. ಒಳಗೆ ಗೊನ್‌ರೊಕು ಮೊದಲ ತಟ್ಟೆಯ ಮೇಲೆ ಬೀಜದ ಜರಡಿಯನ್ನು ತಟ್ಟಿದ. ಹಸಿರು ಹುಡಿ ಹೊಗೆಯಂತೆ ಇಳಿಯಿತು. ಹತ್ತು ವರ್ಷ ಗಾಡಿ ತುಂಬಿದ ಆ ಒರಟು ಕೈ, ಮಲಗಿದ ಕೂಸಿಗೆ ಹೊದಿಕೆ ಹೊದಿಸುವಂತೆ ಬೂಸಾವನ್ನು ತಿರುವಿತು. ತೊಕುಜೊ ಕಲಿಸಬೇಕಾದ್ದು ಏನೂ ಇರಲಿಲ್ಲ. ಅವನು ಹೇಳಿಕೊಡುವ ಮೊದಲೇ ಗೊನ್‌ರೊಕು ಮುಂದಿನ ತಟ್ಟೆಗೆ ಹೋಗುತ್ತಿದ್ದ.

ಮುಗಿಸಿ ಹೊರಬಂದವನು ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದ. ಕಣ್ಣಲ್ಲಿ ನೀರು.

“ಅಣ್ಣಾ, ಸಾಯೋದ್ರೊಳಗೆ ಇನ್ನೊಂದ್ಸಲ ಬೀಜ ಮುಟ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ.”

ತೊಕುಜೊನಿಗೆ ಬೆನ್ನಿನ ಸುಟ್ಟ ಗಾಯಕ್ಕಿಂತ ಅದು ಹೆಚ್ಚು ಉರಿಯಿತು.

ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಕಾರ್ಖಾನೆ ಸುತ್ತಿ ಬಂತು. ಸುತ್ತುವಾಗ ದಪ್ಪವೂ ಆಯಿತು. ತೊಕುಜೊ ಬೆನ್ನುನೋವಿನಲ್ಲೂ ನಿಂತು ವಿದ್ಯೆ ಧಾರೆಯೆರೆದನಂತೆ. ಬಿದ್ದವನ ಕೈಹಿಡಿದು ಎತ್ತಿದನಂತೆ. ಹೆಂಡತಿಯ ತಿಥಿಯ ದಿನ ಪುಣ್ಯದ ಕೆಲಸವೆಂದು ತನ್ನ ಜಾಗವನ್ನೇ ಬಿಟ್ಟುಕೊಟ್ಟನಂತೆ. ಹತ್ಸುಯೆ ತನ್ನ ಬುತ್ತಿಯಿಂದ ಅವನಿಗೆ ಮೀನಿನ ದೊಡ್ಡ ತುಂಡು ಇಟ್ಟು, ಅಂಗಿಯ ತುದಿಯಲ್ಲಿ ಮೂಗು ಒರೆಸಿಕೊಂಡಳು. ಅವನು ಅದನ್ನು ಮುಟ್ಟದೆ ಬುತ್ತಿ ಮುಚ್ಚಿದ.

ಎರಡು ಗಂಟೆಗೆ ಪೂಜೆಗೆಂದು ಬೌದ್ಧ ಗುಡಿಯ ಗುರುಗಳು ಬಂದರು. ಇಲ್ಲಿ ಮುಗಿದ ಮೇಲೆ ಅವರನ್ನು ಕಿನುವಿನ ತಿಥಿಗೆ ಕರೆದೊಯ್ಯಲೆಂದು ತ್ಸುಯಾ ಅಕ್ಕನೂ ಜತೆಗೆ ಬಂದು ಹಿಂದೆ ನಿಂತಳು. ಅಂಗಳದ ಮೂಲೆಯಲ್ಲಿ, ಕಾಕಿ ಹಣ್ಣಿನ ಮರದ ಕೆಳಗಿನ ಕಲ್ಲಿಗೆ ಹೂವು, ನೀರು, ಒಂದು ಹಿಡಿ ಹೊಸ ಬೂಸಾ ಇಟ್ಟು ಮಂತ್ರ ಹೇಳಿದರು. ಆಮೇಲೆ ಎಲ್ಲರಿಗಿಂತ ಹಿರಿಯನಾದ ತೊಕುಜೊ ಪ್ರತಿವರ್ಷದಂತೆ ಕೃತಜ್ಞತೆಯ ಮಾತು ಹೇಳಿದ.

“ಕೋಜಿಯ ಜೀವಗಳೇ, ನಿಮಗೆ ಕಣ್ಣಿಲ್ಲ, ಬಾಯಿಲ್ಲ. ನಾವು ಕೊಟ್ಟದ್ದು ಬರಿ ಬೂಸಾ. ನೀವು ಕೊಟ್ಟದ್ದು ನಮ್ಮ ಅನ್ನ, ಮಕ್ಕಳ ಬಟ್ಟೆ, ಮನೆಯ ಸೂರು. ನಿಮ್ಮನ್ನು ಬೆಳೆಸಿದ ಕೈಯಿಂದಲೇ ನಿಮ್ಮನ್ನು ನೀರಿಗೆ ಹಾಕಿದೆವು. ಕ್ಷಮಿಸಿ. ನಿಮ್ಮ ಋಣ ದೊಡ್ಡದು.”

ಹೇಳುತ್ತ ಅವನ ದನಿ ಒಡೆಯಿತು. ಎಲ್ಲರೂ ಅದು ಕಿನುವಿನ ನೆನಪೆಂದುಕೊಂಡರು. ಅದೂ ಇತ್ತು.

ಯಜಮಾನ ನಿಶಿವಾಕಿ ಮುಂದೆ ಬಂದು ಕನ್ನಡಕ ಒರೆಸಿಕೊಂಡರು.

“ತೊಕುಜೊ, ನಿಜ ಹೇಳ್ಬೇಕಂದ್ರೆ ನಿಮ್ಮನ್ನ ಇನ್ನೊಂದು ವರ್ಷ ಇರಿ ಅಂತ ಕೇಳ್ಕೊಳ್ಬೇಕು ಅಂತಿದ್ದೆ. ಆದ್ರೆ ಇವತ್ತು ನೀವು ಮಾಡಿದ್ದು ಕೇಳಿ ನನಗೇ ನಾಚಿಕೆ ಆಯ್ತು. ನೀವೇ ಬೇರೆಯವನನ್ನ ತಯಾರು ಮಾಡಿ, ಬಾಯಿಬಿಟ್ಟು ಹೇಳದೆ ನಿಮ್ಮ ಇಷ್ಟ ತಿಳಿಸಿದ್ರಿ. ಹಿಡಿದಿಟ್ಕೊಂಡ್ರೆ ನನಗೆ ಪಾಪ. ನಾಳೆಯಿಂದ ಆರಾಮಾಗಿ ವಿಶ್ರಾಂತಿ ತಗೊಳ್ಳಿ.”

ಎಲ್ಲರೂ ತಲೆ ಬಾಗಿಸಿದರು. ಹತ್ಸುಯೆ ಗೊಳೋ ಎಂದಳು. ತೊಕುಜೊ ಅವರ ಮುಂದೆ ಕೈ ಅಡ್ಡ ಹಿಡಿದ.

“ಯಜಮಾನ್ರೇ! ನಾನು ದೊಡ್ಡ ಮನುಷ್ಯ ಅಲ್ಲ! ಬೆಳಿಗ್ಗೆ ನತ್ತೊ ತಿಂದೆ!”

ಗುರುಗಳ ಜಪಮಾಲೆ ಕೂಡ ನಿಂತಿತು. ತೊಕುಜೊ ಕಲ್ಲಿನ ಮುಂದೆ ಮಂಡಿಯೂರಿ ಎಲ್ಲವನ್ನೂ ಹೇಳಿದ. ಎಡೆಗಿಟ್ಟದ್ದು, ಎಸೆಯಲಾಗದ್ದು, ಬೆನ್ನುನೋವಿನ ಸುಳ್ಳು. “ಕಿನು ನನಗೋಸ್ಕರ ಮೂವತ್ತೊಂದು ವರ್ಷ ಬಿಟ್ಟಿದ್ಲು ಯಜಮಾನ್ರೇ. ಒಂದು ದಿನ ತಿನ್ನಲ್ಲ ಅನ್ನೋಕೆ ಆಗ್ಲಿಲ್ಲ. ಕೋಜಿಗೆ ಕೇಡು ಆಗ್ಬಾರ್ದು ಅಂತ ಒಳಗೆ ಹೋಗ್ಲಿಲ್ಲ. ನನ್ನನ್ನ ಕಳಿಸ್ಬೇಡಿ.”

ನಿಶಿವಾಕಿ ಕಲ್ಲಿನ ಕಡೆ ನೋಡಿದರು. ಮತ್ತೆ ಕನ್ನಡಕ ಒರೆಸಿಕೊಂಡರು.

“ಎಂಥಾ ಹೆಂಡತಿ! ಎಂಥಾ ಗಂಡ! ಏಳಿ ತೊಕುಜೊ. ಕೋಣೆಯ ಮರ್ಯಾದೆ ಕಾಯೋಕೆ ತನ್ನ ಮರ್ಯಾದೆ ಬಿಟ್ಟೋರು ನೀವು. ಮೂರು ದಿನ ಮನೇಲಿದ್ದು ಶುದ್ಧವಾಗಿ ಬನ್ನಿ. ಇನ್ನೊಂದು ವರ್ಷ ಬೀಜ ನಿಮ್ಮ ಕೈಯಲ್ಲೇ.”

ತೊಕುಜೊ ಕಲ್ಲಿಗೆ ಕೈ ಮುಗಿದ. ಅವನ ಪ್ರಾರ್ಥನೆ ಫಲಿಸಿತ್ತು. ಕಥೆ ಇಲ್ಲಿಗೇ ನಿಂತಿದ್ದರೆ ಅವನಷ್ಟು ಸುಖಿ ಆ ನದಿಯ ದಂಡೆಯಲ್ಲಿ ಇನ್ನೊಬ್ಬನಿರುತ್ತಿರಲಿಲ್ಲ. ಆದರೆ ಹಿಂದೆ ನಿಂತ ತ್ಸುಯಾ ಅಕ್ಕನಿಗೆ, ಪಾಪ, ತಡೆಯಲಾಗಲಿಲ್ಲ.

“ಅಯ್ಯೋ ತೊಕುಜೊ, ಬಿಟ್ಟಿದ್ಲು ಅಂತ ಅಳ್ತಾ ಇದೀರಾ? ನಾನೆಲ್ಲಿ ಬಿಟ್ಟಿದ್ಲು ಅಂದೆ? ನಿಮ್ಮ ಮಣೆ ಮೇಲೆ ಬರ್ಲಿಲ್ಲ ಅಂದೆ. ನೀವು ಬೆಳಿಗ್ಗೆ ಈ ಕಡೆ ಹೊರಟ್ರೆ ಆ ಕಡೆ ಅವಳು ನನ್ನ ಅಡುಗೆಮನೇಲಿ ಹಾಜರು. ಎರಡು ಬಟ್ಟಲು ತಿಂದು, ಉಪ್ಪಲ್ಲಿ ಬಾಯಿ ಮುಕ್ಕಳಿಸಿ, ಮೇಲಂಗಿ ಬದಲಾಯ್ಸಿ ಮನೆಗೆ ಹೋಗ್ತಿದ್ಲು. ಮೂವತ್ತೊಂದು ವರ್ಷವೂ! ನನ್ನ ಮನೇಲಿ ಸಾಸಿವೆ ಕಮ್ಮಿ ಅಂತ ದಿನಾ ಒಂದು ಜಗಳ ಬೇರೆ.”

ತೊಕುಜೊನಿಗೆ ಕಾಕಿ ಮರವೇ ತಲೆಯ ಮೇಲೆ ಬಿದ್ದಂತಾಯಿತು.

“ದಿ... ದಿನಾ?”

“ದಿನಾ. ಏನೂ ಆಗ್ಲಿಲ್ವಲ್ಲ, ಅದಕ್ಕೇ ಹೇಳ್ತಿದೀನಿ, ಹೆದರ್ಬೇಡಿ. ಒಂದು ಕಾಳೂ ನಿಮ್ಮ ಹೊಸಲು ದಾಟೋಕೆ ಬಿಡ್ಲಿಲ್ಲ, ಅಷ್ಟು ನೇಮ ಅವಳದು. ಒಂದೇ ಒಂದ್ಸಲ, ಆ ಬಿರುಗಾಳಿ ವರ್ಷ, ನಮ್ಮ ಓಣೀಲಿ ಸೊಂಟದ ತನಕ ನೀರು ನಿಂತಿತ್ತಲ್ಲ? ಅವಳು ಬರೋ ಹಾಗಿರ್ಲಿಲ್ಲ. ನಾನೇ ಬಟ್ಟೆ ಒಗೆಯೋ ಮರದ ತೊಟ್ಟೀಲಿ ಪೊಟ್ಟಣ ಇಟ್ಟು ಈಚೆಯಿಂದ ತಳ್ತಿದ್ದೆ, ಅವಳು ಆಚೆಯಿಂದ ಹಿಡ್ಕೊಳ್ತಿದ್ಲು. ಮನೇಲೇ ತಿಂದ್ಲು. ಪಾಪ, ತಿಂತಾ ತಿಂತಾನೇ ನಿಮಗೆ ಒಣಗಿದ ಬಟ್ಟೆ ಗಂಟು ಕಟ್ಟಿ ದೋಣಿಯವರ ಕೈಲಿ ಇಲ್ಲಿಗೆ ಕಳಿಸಿದ್ಲು, ನೀವು ಕೋಣೆ ಕಾಯ್ತಾ...”

ತ್ಸುಯಾ ಅಕ್ಕ ಅಲ್ಲಿಗೆ ನಿಂತಳು. ಎಲ್ಲರೂ ಮೆಲ್ಲನೆ ಒಂದೇ ಕಡೆ ತಿರುಗಿದ್ದರು. ಗೊನ್‌ರೊಕು ತನ್ನ ಪಾದಗಳನ್ನು ನೋಡುತ್ತ ನಿಂತಿದ್ದ. ಹತ್ತು ವರ್ಷ, ದಿನಕ್ಕೆ ಏಳು ಸಲ, ಹಿಮ ಬೀಳುವಾಗಲೂ ತೊಳೆದು ತೊಳೆದು ಅವು ಸುಲಿದ ಮೂಲಂಗಿಯಂತಾಗಿದ್ದವು.

“ಹಂಗಾದ್ರೆ,” ಎಂದ ಅವನು ನಿಧಾನವಾಗಿ, “ಇದು ನನ್ನ ಕಾಲಲ್ಲ.”

ತೊಕುಜೊ ಯಜಮಾನರ ಕಡೆ ನೋಡಿದ. ಅವರು ಕನ್ನಡಕವನ್ನು ಒರೆಸಲೂ ಮರೆತಿದ್ದರು. ಏನು ಹೇಳಬೇಕೆಂಬುದು ಅವರಿಗೂ ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಅವರ ಬಾಯಿಂದ ಬರುವುದು ಬೇಡವೆಂದು ಇವನೇ ಹೇಳಿದ.

“ಬೀಜ ಗೊನ್‌ರೊಕುವಿಗೆ ಕೊಡಿ ಯಜಮಾನ್ರೇ. ನನಗೆ ಗಾಡಿ ಸಾಕು.”

ಬಾಗಿ, ಗೊನ್‌ರೊಕುವಿನ ಪಾದ ಮುಟ್ಟಲು ಹೋದ. ಗೊನ್‌ರೊಕು ಹಾರಿ ಹಿಂದೆ ಸರಿದ.

“ಮುಟ್ಬೇಡಿ ಅಣ್ಣಾ! ನೀವು ನತ್ತೊ ತಿಂದಿದೀರಿ. ನಾಳೆ ನಾನು ಕೋಣೆಗೆ ಹೋಗ್ಬೇಕು!”

ಮೊದಲು ನಕ್ಕವರು ಗುರುಗಳು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ.

ಸಂಜೆ ತಿಥಿ ಮುಗಿದು, ಗುರುಗಳು ಆಶೀರ್ವದಿಸಿ ಹೋದ ಮೇಲೆ, ತೊಕುಜೊ ದೇವರಗೂಡಿನ ಮುಂದೆ ಕುಳಿತ. ಬೆನ್ನು ಉರಿಯುತ್ತಿತ್ತು. ಹೊರಡುವ ಮೊದಲು ಸೋಸಿದ ಬೂಸಾದ ಗಾಡಿಗೆ ಒಮ್ಮೆ ಕೈಯಿಟ್ಟು ನೋಡಿ ಬಂದಿದ್ದ. ಬಿಸಿ ಪೂರ್ತಿ ಹೋಗಿರಲಿಲ್ಲ. ಹಂದಿಗಳಿಗಾದರೂ ಬೆಚ್ಚಗೆ ತಲುಪುತ್ತದೆ ಎಂದುಕೊಂಡಿದ್ದ.

“ಕಳ್ಳಿ,” ಎಂದ ಪಟದ ಕಡೆ ನೋಡಿ. “ದಿನಾ ಎರಡು ಬಟ್ಟಲಾ?”

ಕಿನು ನಗುತ್ತಿದ್ದಳು. ಬೆಳಗ್ಗೆ ಆ ನಗುವಿನಲ್ಲಿ ಅವನಿಗೆ ತ್ಯಾಗ ಕಂಡಿತ್ತು. ಈಗ ಕಂಡದ್ದು ಬೇರೆ. ಸಿಟ್ಟು ಬರಿಸಿಕೊಳ್ಳಲು ನೋಡಿದ, ಬರಲಿಲ್ಲ. ಒಂದು ವರ್ಷದಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲೊಂದು ಎದ್ದು ಹೋದಂತಿತ್ತು. ನನ್ನ ಮನೆಗೆ ಬಂದು ಅವಳು ಬಾಯಿ ಕಟ್ಟಿಕೊಂಡು ಬಾಳಲಿಲ್ಲ. ಹೊಟ್ಟೆ ತುಂಬ ತಿಂದಳು, ನಾನು ನೊಂದುಕೊಳ್ಳದಂತೆ ಬಾಯಿಯನ್ನೂ ಮುಕ್ಕಳಿಸಿಕೊಂಡಳು. ಭಗವಂತ, ನೀನು ದೊಡ್ಡವನು.

ಬಾಗಿಲು ತಟ್ಟದೆ ತ್ಸುಯಾ ಅಕ್ಕ ಒಳಗೆ ಬಂದಳು. ಮುಖ ಬಾಡಿತ್ತು.

“ನನ್ನ ನಾಲಿಗೆ ಸುಡ್ಲಿ ತೊಕುಜೊ. ನಿಮ್ಮ ಬೀಜ ಹೋಯ್ತು.”

“ಹೋಗ್ಲಿ ಅಕ್ಕ. ಅವನದ್ದು ಅವನಿಗೆ ಸೇರ್ತು.” ತೊಕುಜೊ ಎದ್ದು, ಬರುವಾಗ ಅಂಗಡಿಯಿಂದ ತಂದಿದ್ದ ಅರೆದ ಸಾಸಿವೆಯ ಡಬ್ಬಿಯನ್ನು ಕಿನುವಿನ ಮುಂದಿಟ್ಟ. “ಗಾಡಿ ತುಂಬೋರಿಗೆ ನತ್ತೊ ನಿಷೇಧ ಇಲ್ಲವಂತೆ, ಕೇಳ್ಕೊಂಡೆ. ನಾಳೆ ಬೆಳಿಗ್ಗೆ ಎರಡು ಪೊಟ್ಟಣ ತನ್ನಿ. ಅವಳಿಗೊಂದು, ನನಗೊಂದು.”

ತ್ಸುಯಾ ಅಕ್ಕ ಕಣ್ಣೊರೆಸಿಕೊಂಡು ಪಟದ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿದಳು.

“ಮೂರು ತರ್ತೀನಿ,” ಎಂದಳು. “ಅವಳು ಒಂದೇ ತಿಂದು ಎದ್ದ ದಿನ ನಾನು ನೋಡಿಲ್ಲ.”